ಅತ್ತೆಯ ಶಾವಿಗೆ ಒರಳು ಮತ್ತು ಒಂದು ಲೋಟ ಕಿತ್ತಳೆ ರಸ

ಸುಮಾ, ರಘು, ಮನೆಗೆ ಜ್ಯೂಸರ್ ತರುವುದೋ ಮಿಕ್ಸಿಯೇ ಸಾಕೋ ಎಂದು ಮೊನ್ನೆ ನೀವಿಬ್ಬರೂ ನನ್ನನ್ನು ಕೇಳಿದಿರಿ. ನಾನು "ನಂಗೇನು ಗೊತ್ತು, ನಿಮ್ಮಿಷ್ಟ" ಎಂದು ಒಳಗೆ ಹೋಗಿಬಿಟ್ಟೆ. ಗೊತ್ತಿಲ್ಲದೆ ಅಲ್ಲ. ಎದುರಿಗೆ ಕೂತವರ ಮುಂದೆ ನಾಲ್ಕು ಮಾತು ಜೋಡಿಸಿ ಆಡಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ಶಿರಂಗಾಲದ ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಅಳುತ್ತಿದ್ದೆ; ಬರೆ ಎಂದರೆ ಸ್ಲೇಟಿನ ಎರಡೂ ಮಗ್ಗುಲು ತುಂಬಿಸುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಜ್ಯೂಸರ್ ಆರಿಸಿದ ಅನುಭವ ನನಗಿದೆ, ಅದೂ ಮನೆಯಲ್ಲಿ ಕರೆಂಟು ಇಲ್ಲದ ಕಾಲದಲ್ಲಿ.

ಆಗ ಕೊಡಗು ತನ್ನಷ್ಟಕ್ಕೆ ಒಂದು ಪುಟ್ಟ ರಾಜ್ಯ. ನಿಮ್ಮ ತಾತ ಮಾದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ನಾನು ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಮೂರೇ ಜನ: ತಾತ, ನಾನು, ನನ್ನ ಅತ್ತೆ. ಕಾಫಿ ಪಿಕ್ಕಿಂಗ್ ಜೋರಾಗಿದ್ದ ದಿನಗಳು. ಕಾಫಿ ಗಿಡಗಳ ನಡುವೆ ಕಿತ್ತಳೆ ಮರಗಳು ಹಣ್ಣು ಹೊತ್ತು ಬಾಗಿದ್ದವು. ನಮ್ಮ ಸೀರೆಯ ಸೆರಗಿಗೂ ಅದೇ ಪರಿಮಳ. ಅಂಥ ಊರಿನಲ್ಲಿದ್ದೂ ಅತ್ತೆಗೆ ಒಂದು ಲೋಟ ಕಿತ್ತಳೆ ರಸ ಕುಡಿಸಲು ನಾನು ಪಟ್ಟ ಪಾಡು ಕೇಳಿ.

ಅತ್ತೆಗೆ ಜ್ವರ ಬಂದು ಇಳಿದಿತ್ತು, ಆದರೆ ನಾಲಿಗೆ ರುಚಿ ಕೆಟ್ಟಿತ್ತು. ಹಾಲು ಕೊಟ್ಟರೆ ವಾಂತಿ, ಗಂಜಿ ಕಂಡರೆ ಮುಖ ಆಚೆ. ಹಲ್ಲಿಲ್ಲದ ಬಾಯಿ, ಕಿತ್ತಳೆ ತೊಳೆ ತಿನ್ನಲಾರರು. ಡಾಕ್ಟರು ಬಂದು ನೋಡಿ, ಕಿತ್ತಳೆ ರಸ ಕುಡಿಸಿ, ಎರಡು ದಿನದಲ್ಲಿ ಹೊಟ್ಟೆಗೆ ಏನೂ ಹೋಗದಿದ್ದರೆ ಮಡಿಕೇರಿ ಆಸ್ಪತ್ರೆಗೆ ಸೇರಿಸಲೇಬೇಕು ಎಂದರು. ಅತ್ತೆ ಮಲಗಿದಲ್ಲಿಂದಲೇ, "ನಾ ಹೋಗಲ್ಲ. ಅಲ್ಲಿಗೆ ಹೋದರೆ ಮತ್ತೆ ಈ ಮನೆ ನೋಡಲ್ಲ," ಎಂದರು. ತಾತ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಕೈಯಲ್ಲಿ ಹಿಂಡಿ ಕೊಟ್ಟೆ. "ಬೆಳ್ಳುಳ್ಳಿ ವಾಸ್ನೆ" ಎಂದರು. ಬಟ್ಟೆಯಲ್ಲಿ ಹಿಂಡಿದೆ. "ಸೋಪಿನ ವಾಸ್ನೆ" ಎಂದರು. ಅಡುಗೆ, ಒಗೆತ, ಎರಡರಲ್ಲೂ ನನ್ನ ಮಾನ ಹೋಯಿತು.

ತಾತ ಸೋಮವಾರಪೇಟೆಗೆ ಹೋಗಿ ಅಂಗಡಿಯವರನ್ನು ಒಪ್ಪಿಸಿ ಎರಡು ಸಾಮಾನು ತಂದರು. ಹಿಡಿಸಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ಸು ಕೊಡುವ ಮಾತು. ಒಂದು, ನಡುವೆ ಗೀರುಗೀರಾದ ಚೂಪು ಉಬ್ಬಿದ್ದ ಗಾಜಿನ ತಟ್ಟೆ. ಹಣ್ಣನ್ನು ಅಡ್ಡಕ್ಕೆ ಕೊಯ್ದು ಅದರ ಮೇಲೆ ಒತ್ತಿ ತಿರುಗಿಸಬೇಕು. ಅಂಗಡಿಯವರು ನಿಂಬೆಹಣ್ಣಿನಲ್ಲಿ ಮಾಡಿ ತೋರಿಸಿದ್ದರಂತೆ. ನಮ್ಮ ಕಿತ್ತಳೆಯೇನು ನಿಂಬೆಯೇ? ಅದರ ಸಿಪ್ಪೆ ತಮ್ಮ ತೊಟ್ಟ ಅಣ್ಣನ ಅಂಗಿಯ ಹಾಗೆ, ಸಡಿಲ. ನಾನು ತಿರುಗಿಸಿದರೆ ಸಿಪ್ಪೆಯೊಂದೇ ತಿರುಗಿತು, ಹಣ್ಣು ಇದ್ದಲ್ಲೇ ಇತ್ತು. ಬಲವಾಗಿ ಒತ್ತಿದೆ. ಸಿಪ್ಪೆಯ ಎಣ್ಣೆ ಕಣ್ಣಿಗೆ ಚಿಮ್ಮಿತು, ರಸ ಕಹಿಯಾಯಿತು. ಅತ್ತೆ ಒಂದು ಗುಟುಕು ಉಗುಳಿ, "ಕಷಾಯ ಅಂತ ಮೊದ್ಲೇ ಹೇಳಬಾರದಾ?" ಎಂದರು.

ಇನ್ನೊಂದು, ಹಿಡಿ ತಿರುಗಿಸುವ ಕಬ್ಬಿಣದ ಮಿಷನ್ನು. ಅದನ್ನು ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯಬೇಕು. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ! ತಾತ ಅದನ್ನು ಕೂರುವ ಮಣೆಗೆ ಬಿಗಿದು, ಮಣೆ ಏಳದಂತೆ ಇನ್ನೊಂದು ತುದಿಯ ಮೇಲೆ ತಾವೇ ಕೂತರು. "ತಿರುಗ್ಸು, ತಿರುಗ್ಸು" ಎನ್ನುತ್ತಿದ್ದರು. ನಾನು ತಿರುಗಿಸಿದಷ್ಟೂ ಮಣೆಯೂ ಅವರೂ ನನ್ನ ಕಡೆಗೇ ಸರಿದು ಬರುತ್ತಿದ್ದರು. ಮದುವೆಯಾದ ಮೇಲೆ ನಾನು ಅವರೆದುರು ಬಾಯಿಬಿಟ್ಟು ನಕ್ಕಿದ್ದು ಅವತ್ತೇ ಮೊದಲು. ಆದರೆ ಮಿಷನ್ನು ಬೀಜವನ್ನೂ ಬಿಡದೆ ಅರೆದಿತ್ತು. ಮತ್ತೆ ಕಹಿ. ನಗು ಅಲ್ಲಿಗೇ ನಿಂತಿತು. ಎರಡನೆಯ ದಿನವೂ ಮಧ್ಯಾಹ್ನಕ್ಕೆ ಬಂದಿತ್ತು. ತಾತ ಮಡಿಕೇರಿಗೆ ಗಾಡಿ ಗೊತ್ತುಮಾಡಲು ಚಪ್ಪಲಿ ಮೆಟ್ಟಿ ಹೊರಟರು.

ಒಬ್ಬಳೇ ಕೂತು ಯೋಚಿಸಿದೆ. ತೆಂಗಿನಕಾಯಿಯನ್ನು ಅರೆಯುತ್ತೇವೆ, ನಿಂಬೆಯನ್ನು ಹಿಂಡುತ್ತೇವೆ, ಶಾವಿಗೆಯನ್ನು ಒತ್ತುತ್ತೇವೆ. ಮೂರೂ ಬೇರೆ ಬೇರೆ ಕೆಲಸ. ಈ ಹಣ್ಣನ್ನು ನಾನು ಅರೆದೆ, ಹಿಂಡಿದೆ. ಒತ್ತಿ ನೋಡಿರಲಿಲ್ಲ.

ಒತ್ತುವುದಕ್ಕೆ ಮನೆಯಲ್ಲಿ ಇದ್ದದ್ದು ಒಂದೇ, ಅತ್ತೆಯ ಹಲಸಿನ ಮರದ ಶಾವಿಗೆ ಒರಳು. ಹಾಸನದ ಸೀಮೆಯಿಂದ ಕೊಡಗಿಗೆ ಬರುವಾಗ ಗಾಡಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದರಂತೆ. ಅದನ್ನು ಅವರ ಹೊರತು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಶಾವಿಗೆ ಮಾಡುವ ದಿನ ನನ್ನ ಪಾಲಿಗೆ ಬರುತ್ತಿದ್ದದ್ದು ಕೆಳಗೆ ತಟ್ಟೆ ಹಿಡಿಯುವ ಕೆಲಸ ಮಾತ್ರ.

ಅಟ್ಟದಿಂದ ಇಳಿಸಿದೆ. ಬಿಸಿನೀರಲ್ಲಿ ತೊಳೆದೆ. ಸಿಪ್ಪೆ, ನಾರು, ಬೀಜ ಎಲ್ಲ ಬಿಡಿಸಿ ಬರೀ ತೊಳೆಗಳನ್ನು ಅದರಲ್ಲಿ ತುಂಬಿ, ಕೆಳಗೆ ಲೋಟ ಇಟ್ಟು ಮೆಲ್ಲಗೆ ಒತ್ತಿದೆ. ಮರದ ಹಿಡಿ ಕಿರ್ರ್ ಎಂದಿತು.

"ಯಾವಳೇ ಅದು ನನ್ನ ಒರಳು ಮುಟ್ಟಿದ್ದು?"

ನಾಲ್ಕು ದಿನದಿಂದ ಪಿಸುಗುಟ್ಟುತ್ತಿದ್ದ ದನಿ ಅಡುಗೆಮನೆಯವರೆಗೂ ಗುಡುಗಿತು.

"ನಾನೇ ಅತ್ತೆ."

"ಏನ್ ಹಾಕಿದೀಯ ಅದ್ರೊಳಗೆ?"

"ಕಿತ್ತಳೆ."

ಅತ್ತೆ ಮಗ್ಗುಲು ಹೊರಳಿದ ಸದ್ದು ಕೇಳಿತು. ಆಮೇಲೆ, "ಬಾಗಿಲು ತಳ್ಳಿದಂಗೆ ತಳ್ಳಬ್ಯಾಡ. ಒಂದೇ ಸಮ ಒತ್ತು. ಈಗ ತಗೊಂಬಾ ಇಲ್ಲಿ, ನನ್ನ ಒರಳಿಗೆ ಏನ್ ಗತಿ ತಂದಿದೀಯ ನೋಡಾಣ."

ಲೋಟ ಕೊಟ್ಟೆ. ತಪ್ಪು ಹುಡುಕಲೆಂದೇ ಒಂದು ಗುಟುಕು ಕುಡಿದರು. ಸಿಗಲಿಲ್ಲ. ಇನ್ನೊಂದು ಗುಟುಕಿನಲ್ಲಿ ಹುಡುಕಿದರು. ಹಾಗೆ ಹುಡುಕುತ್ತಾ ಹುಡುಕುತ್ತಾ ಲೋಟ ಬರಿದಾಯಿತು. ಕೊನೆಗೆ, "ಒಂದು ಹರಳು ಉಪ್ಪು ಹಾಕಬೇಕಿತ್ತು," ಎಂದು ಹೇಳಿ, ಗೋಡೆ ಕಡೆ ತಿರುಗಿ ಮಲಗಿ, "ತೊಳ್ದು ಕೈಗೆ ಸಿಗೋ ಕಡೆ ಇಡು. ನಾಳೆಗೂ ಬೇಕಲ್ಲ," ಎಂದರು. ಗಾಡಿ ಗೊತ್ತುಮಾಡಿಕೊಂಡು ಬಂದ ತಾತನನ್ನು, ಗಾಡಿ ಬೇಡವೆಂದು ಹೇಳಿಬರಲು ಬಾಗಿಲಿಂದಲೇ ವಾಪಸ್ಸು ಕಳಿಸಿದೆ.

ಸೋಮವಾರಪೇಟೆಗೆ ಎರಡು ಸಾಮಾನೂ ಮರಳಿದವು. ಒರಳು ಮಾತ್ರ ಮತ್ತೆ ಅಟ್ಟ ಹತ್ತಲಿಲ್ಲ. ಆ ವರ್ಷ ಶಾವಿಗೆಯ ದಿನ ತಟ್ಟೆ ಹಿಡಿದವರು ಅತ್ತೆ. ಒತ್ತಿದವಳು ನಾನು. ನನ್ನ ತಪ್ಪುಗಳನ್ನು ಎಣಿಸಲು ಅವರು ಇನ್ನೂ ಬಹಳ ವರ್ಷ ಇದ್ದರು.

ಹಾಗಾಗಿ ಮಕ್ಕಳೇ, ಯಾವುದನ್ನಾದರೂ ತನ್ನಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಎರಡು ನಮ್ಮ ಕಿತ್ತಳೆ ಇರಲಿ, ನಿಂಬೆಹಣ್ಣಿನಲ್ಲಿ ಮಾಡಿ ತೋರಿಸಿದರೆ ಒಪ್ಪಬೇಡಿ. ಮನೆಗೆ ತಂದ ಮೇಲೆ, ಕುಡಿಯುವವರಿಗೂ ಅದರ ಮೇಲೆ ಒಂದಿಷ್ಟು ಯಜಮಾನಿಕೆ ಇರಲಿ. ತಾತನೂ ಹೋದ ಮೇಲೆ ಒಬ್ಬಳೇ ಹಣ್ಣು ಬಿಡಿಸುವಾಗ ನನಗೆ ಬೇಕೆನಿಸುವುದು ರಸವಲ್ಲ, ಪಕ್ಕದ ಕೋಣೆಯಿಂದ ಬರುತ್ತಿದ್ದ ಅತ್ತೆಯ ಆ ಗದರಿಕೆ.

ಒರಳಿನ ತೂತು ಬಿಲ್ಲೆಗಳಿರುವ ತಗಡಿನ ಡಬ್ಬಿ ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಮಡಿಸಿ ಆ ಡಬ್ಬಿಯೊಳಗೆ ಜೋಪಾನವಾಗಿಡಿ. ಕೇಳದೆ ಯಾರಾದರೂ ಮುಟ್ಟಿದರೆ ಜೋರಾಗಿ ಗದರಿಸಿ. ಆಮೇಲೆ ಕೊಟ್ಟುಬಿಡಿ.