ತೂತು ಬಿದ್ದ ಬಿಲ್ವಪತ್ರಿ

ಬಂದೇಬಿಟ್ಟನಲ್ಲಪ್ಪಾ ವೈರಿ! ಇವತ್ತು ಬೆಳಿಗ್ಗೆ ನಿಲಂಗಾ ಪೇಟೆಯ ನಮ್ಮ ಮನೆಯಂಗಳದ ಪುಟ್ಟ ಬಿಲ್ವದ ಗಿಡದಲ್ಲಿ, ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳವೊಂದು ಎಲೆ ಮುಕ್ಕುತ್ತಿತ್ತು. ಹುಳ ಸಾಯಿಸುವ ಔಷಧದ ಡಬ್ಬಿ ತಂದೆ, ಆದರೆ ಸಿಂಪಡಿಸುವ ಮೊದಲೇ ಅಜ್ಜಿ ನೆನಪಾದಳು.

ನನ್ನ ಬಾಲ್ಯದಲ್ಲಿ, ಕಾಸಾರಶಿರಸಿ ಊರಿನ ನಮ್ಮ ಹಿತ್ತಲ ಬಿಲ್ವದ ಮರಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ. ಆದರೂ ಬೇಸಿಗೆಯಲ್ಲಿ ಹೂವಿಗೆ ಜೇನು, ಮಳೆಗಾಲದಲ್ಲಿ ಚಿಗುರಿಗೆ ಇದೇ ಹುಳ. ಒಂದು ಶ್ರಾವಣ ಸೋಮವಾರ ಮಠದ ಪೂಜೆಗೆ ಹೊರಟ ಅಜ್ಜ ನೋಡುತ್ತಾನೆ, ಕೈಗೆಟುಕುವ ಎಲೆಗಳೆಲ್ಲ ತೂತು! ತೂತಾದ ಪತ್ರಿಯನ್ನು ಲಿಂಗಕ್ಕೆ ಏರಿಸುವಂತಿಲ್ಲ.

“ಹುಳಾ ಎಲ್ಲಾ ಬಡದ್ ಒಗಿ!” ಎಂದು ನನ್ನ ಕೈಗೆ ಕಸಬರಿಗೆ ಕೊಟ್ಟು ಗುಡುಗಿದ. ನಾನು ಕಸಬರಿಗೆ ಎತ್ತಿದೆ.

ಅಜ್ಜಿ ಅಡ್ಡ ನಿಂತಳು. “ಪಾತರಗಿತ್ತಿ ಕೂಸು ಅವು, ಮುಟ್ಟಬ್ಯಾಡ.”

“ಮತ್ತ ಲಿಂಗಕ್ಕ ಏನ್ ಏರಸ್ಲಿ, ನಿನ್ನ ತಲಿ?”

“ನಿನ್ನಿ ಪತ್ರಿನೇ ತೊಳದು ಏರಸ್ರೀ. ತೊಳದ್ರ ಬಿಲ್ವ ಮತ್ತ ನಡೀತದ ಅಂತ ಊರಿಗೆಲ್ಲಾ ಹೇಳವ್ರು ನೀವೇ ಅಲ್ಲೇನ್ರೀ?”

ಅಜ್ಜ ಹುಳವನ್ನು ನೋಡಿದ, ಅಜ್ಜಿಯನ್ನು ನೋಡಿದ. ನಿನ್ನೆಯ ಪತ್ರಿ ತೊಳೆಯಲು ಕೂತ.

ಇವತ್ತು ನಾನೂ ಡಬ್ಬಿ ಒಳಗಿಟ್ಟು ಬಂದೆ. ಆದರೆ ಆ ಮರಕ್ಕೆ ಸಾವಿರಾರು ಎಲೆಗಳಿದ್ದವು. ನನ್ನ ಗಿಡಕ್ಕಿರುವುದು ಹನ್ನೊಂದು. ಗಳಿಗೆಗೊಮ್ಮೆ ಹೋಗಿ ಎಣಿಸುತ್ತಿದ್ದೇನೆ.