ಓದುವ ಕೋಣೆಯ ಕೆಳಗಿನ ಬಾವಿ

ಮೇಸ್ತ್ರಿಯ ಎಡಗಿವಿ ಸದಾ ಕೆಂಪಾಗಿರುತ್ತಿತ್ತು. ಪ್ರತಿ ಇಟ್ಟಿಗೆಯನ್ನೂ ಕಿವಿಯ ಹತ್ತಿರ ಹಿಡಿದು, ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ, ಆಮೇಲೆ ಗಾರೆಯ ಮೇಲೆ ಇಡುವುದು ಅವರ ಅಭ್ಯಾಸ. ಕಿವಿಗೆ ಮೆತ್ತಿದ ಇಟ್ಟಿಗೆಯ ಪುಡಿ ಮಿಂದರೂ ಹೋಗುತ್ತಿರಲಿಲ್ಲ.

ಬದುಕೆಲ್ಲ ಬೇರೆಯವರ ಮನೆಗಳ ನಕ್ಷೆ ಬರೆದ ನಾನು ನಿವೃತ್ತಿಯ ನಂತರ ಬಾರ್ಕೂರಿನ ಹಳೇ ಕೇರಿಯಲ್ಲಿ, ಎರಡು ಹಂಚಿನ ಮನೆಗಳ ನಡುವಿನ ಕಿರಿದಾದ ಜಾಗದಲ್ಲಿ ನನಗಾಗಿ ಒಂದು ಮನೆ ಬರೆದೆ. ಮೂರು ಅಂತಸ್ತು, ಪ್ಲಾಸ್ಟರ್ ಇಲ್ಲದ ಬರಿಯ ಇಟ್ಟಿಗೆ. ನಕ್ಷೆ ನೋಡಿ ಮೇಸ್ತ್ರಿ ನಕ್ಕರು.

"ಎಂತ ಸಾರ್ ಇದ್, ಬೆಂಕಿಪೆಟ್ಗಿ ಎತ್ತಿ ನಿಲ್ಸಿದಂಗಿತ್ತ್! ಕೆಂಪ್‌ಕಲ್ಲಿನ್ ಊರಗೆ ಇಟ್ಗಿ ಮನಿಯಾ?"

ನನ್ನಂತೆ ಅವರೂ ಗಡಿಯಾರದ ಮನುಷ್ಯ. ಏಳಕ್ಕೆ ಕರಣೆ ಕೈಗೆ, ಐದಕ್ಕೆ ಕೆಳಗೆ. ನಮಗೆ ಹೊಂದುತ್ತಿತ್ತು.

ಪಾಯ ತೋಡುವಾಗ, ಓದುವ ಕೋಣೆ ಬರಬೇಕಾದಲ್ಲಿ ಹಳೆಯ ಬಾವಿಯೊಂದು ಬಾಯಿ ತೆರೆಯಿತು. ಯಾರ ಕಾಲದ್ದೋ, ಕೇರಿಯ ಹಿರಿಯರಿಗೂ ತಿಳಿಯದು. ಮೇಸ್ತ್ರಿ ಕಲ್ಲು ಹಾಕಿದರು. ನೀರಿನ ಸದ್ದು ಬರಲಿಲ್ಲ. ತಣ್ಣನೆಯ ಗಾಳಿ ಮುಖಕ್ಕೆ ಬಂತು.

ಸ್ಲ್ಯಾಬ್ ಹಾಕಿ ಮುಚ್ಚಿ ಎಂದೆ.

"ಮುಚ್ಚುವ. ಆರೆ ಒಂದ್ ಪೈಪ್ ಇಟ್ಟ್ ತಾರಸಿ ತನ್ಕ ಗಾಳಿ ಬಿಡ್ಕ್. ಬಾವಿ ಉಸ್ರ್ ಕಟ್ಟುಕಾಗ ಸಾರ್."

ಮುಚ್ಚಿದ ಬಾವಿಯ ಉಸಿರು ಕಟ್ಟದಂತೆ ಪೈಪ್ ಬಿಡುವುದು ನಮ್ಮ ಕಡೆಯ ರೂಢಿ. ಆದರೆ ಬರಿಯ ಇಟ್ಟಿಗೆಯ ಗೋಡೆಯ ಮೇಲೆ ಪೈಪ್? ಬೇಡವೆಂದೆ.

ಅವರ ದನಿ ಇಳಿಯಿತು. "ನಮ್ಮಣ್ಣ ಒಂದ್ ಬಾವಿ ಹಾಂಗೇ ಮುಚ್ಚಿದ. ವರ್ಷ ಕಳ್ದ್ ತೆಗ್ದ್ ಇಳ್ದ. ಒಳ್ಗೆ ಗಾಳಿ ಕೆಟ್ಟಿತ್ತ್, ಹತ್ತಿ ಬರ್ಲಿಲ್ಲೆ. ಮುಚ್ಚಿದ್ ಬಾವಿ ಹತ್ರ ಹೋರೆ ಈಗ್ಳೂ ಅವ್ನ್ ಉಸ್ರ್ ಕೇಂತ್ ನಂಗೆ."

"ನಕ್ಷೆಲಿದ್ದಂಗೆ ಕಟ್ಟಿ. ಆತಿಲ್ಲ ಅಂದ್ರೆ ನಾಳೆ ಬಪ್ಪುದ್ ಬ್ಯಾಡ," ಎಂದೆ.

ಮರುದಿನ ಏಳಕ್ಕೆ ಬಂದರು. ಆ ಕೋಣೆಯ ಗೋಡೆಯನ್ನು ಮಾತ್ರ ಪಾಯದಿಂದ ತಾರಸಿಯವರೆಗೂ ಯಾರಿಗೂ ಮುಟ್ಟಗೊಡದೆ, ಗೋಣಿತಟ್ಟಿನ ಮರೆಯಲ್ಲಿ ಒಬ್ಬರೇ ಕಟ್ಟಿದರು. ಪೈಪ್ ಎಲ್ಲೂ ಕಾಣಲಿಲ್ಲ. ಗೆದ್ದೆನೆಂದುಕೊಂಡೆ. ನಾನು ಅಳೆಯದೆ ಒಪ್ಪಿದ ಗೋಡೆ ಅದೊಂದೇ.

ನಾನು ಒಕ್ಕಲಾದ ಮಳೆಗಾಲದಲ್ಲೇ ಮೇಸ್ತ್ರಿ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ.

ಅದಾಗಿ ಹದಿನೈದು ದಿನಕ್ಕೆ, ಮಧ್ಯಾಹ್ನ ಓದುತ್ತಿದ್ದಾಗ ಗೋಡೆಯೊಳಗೆ ಯಾರೋ ನಿಧಾನವಾಗಿ ಉಸಿರೆಳೆದಂತಾಯಿತು. ಎದ್ದು ಕಿಟಕಿ ಮುಚ್ಚಿದೆ. ಸದ್ದು ನಿಲ್ಲಲಿಲ್ಲ. ಟೇಪು ಹಿಡಿದು ಅಳೆದೆ: ಗೋಡೆ ನಕ್ಷೆಗಿಂತ ನಾಲ್ಕು ಇಂಚು ದಪ್ಪ. ಸದ್ದಿನ ಜಾಡು ಹಿಡಿದು ತಾರಸಿಗೆ ಹತ್ತಿದೆ. ಅಂಚಿನ ಕಟ್ಟೆಯ ಬುಡದಲ್ಲಿ ಎರಡು ಇಟ್ಟಿಗೆಗಳ ನಡುವೆ ಗಾರೆ ತುಂಬದ, ಬೆರಳಗಲದ ಸಂದು. ಕಾಗದ ಹಿಡಿದೆ. ಅದು ಇಟ್ಟಿಗೆಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತಿಗೆ ತಾನಾಗಿ ದೂರ ಸರಿಯಿತು.

ನನ್ನ ಮಾತು ಮೀರಿದ್ದಕ್ಕೆ ನಾನು ಯಾರಿಗಾದರೂ ಋಣಿಯಾಗಿದ್ದರೆ ಅದು ಗೋಡೆಯೊಳಗೇ ಬಾವಿಗೆ ಗಾಳಿಯ ದಾರಿ ಬಿಟ್ಟ ಮೇಸ್ತ್ರಿಗೆ ಮಾತ್ರ. ಕಳೆದ ತಿಂಗಳು ತಾರಸಿಯ ಬಿರುಕು ಮುಚ್ಚುವವರು ಬಂದಿದ್ದರು. ಅವರು ಕೆಲಸ ಮುಗಿಸಿ ಇಳಿಯುವವರೆಗೂ ಅದನ್ನೂ ಮುಚ್ಚದಂತೆ ಆ ಸಂದಿಗೆ ಬೆನ್ನು ಕೊಟ್ಟು ಕೂತೇ ಇದ್ದೆ. ಗಾಳಿ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಾಗುತ್ತಿತ್ತು.