ಹೊಸ ಕೋಚ್‌ಗೆ ನನ್ನ ಮತ

ನಮ್ಮ ಫುಟ್‌ಬಾಲ್ ತಂಡದ ಕೋಚ್ ಕೆಲಸ ಬಿಡುವ ಸುದ್ದಿಯನ್ನು ಮೊದಲು ಹೇಳಿದ್ದು ನನ್ನ ಬಟ್ಟೆ ಅಂಗಡಿಯಲ್ಲಿ. ಒಂದು ಬುಧವಾರ ಮಧ್ಯಾಹ್ನ ಅವರು ಹರಿಹರದಿಂದ ಬಸ್ಸು ಹಿಡಿದು ಬಂದು, ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಎಪ್ಪತ್ತು ದಾಟಿದ ಮನುಷ್ಯ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನನಗೆ ಹದಿನಾರು ವರ್ಷವಿದ್ದಾಗ ನನ್ನ ಕೈಯ ಉದ್ದ ನೋಡಿ ಗೋಲ್‌ಕೀಪರ್ ಮಾಡಿದವರು ಅವರೇ.

"ಇನ್ನ ನನ್ನ ಕೈಲಿ ಆಗಲ್ಲಪ್ಪ," ಅಂದರು. "ಮೊನ್ನೆ ರೆಫ್ರಿ ಸೀಟಿ ಹೊಡದಿದ್ದು ನಂಗ ಕೇಳಿಸ್ಲೇ ಇಲ್ಲ. ಆಟ ನಿಂತೈತೆ, ನಾನು ಮಾತ್ರ ಓಡ್ರೋ ಓಡ್ರೋ ಅಂತ ಕೂಗ್ತಾ ಅದೀನಿ. ಹುಡುಗ್ರು ನಗ್ಲಿಲ್ಲ. ನಕ್ಕಿದ್ರ ಇನ್ನೊಂದು ವರ್ಷ ಇರ್ತಿದ್ದೆ."

ಹಾಗಾದರೆ ಮುಂದೆ ಯಾರು ಎಂದು ಕೇಳಿದೆ. ಅವರಿಗೆ ಕೇಳಿಸಲೆಂದು ಎರಡು ಸಲ, ಸ್ವಲ್ಪ ಜೋರಾಗಿ ಕೇಳಬೇಕಾಯಿತು.

"ಅದನ್ನ ಮಾತ್ರ ಕೇಳಬ್ಯಾಡ. ನಾನು ಹೆಸ್ರು ಹೇಳಿದ್ರ, ಬಂದವ್ನ ತಲಿ ಮ್ಯಾಲೆ ನಾನೇ ಕುಂತಂಗ ಆಗ್ತೈತೆ."

ನಮ್ಮದು ಎರಡು ಊರಿನ ಕ್ಲಬ್. ಹರಿಹರದ ಕಾರ್ಖಾನೆಯವರದೊಂದು ತಂಡ, ದಾವಣಗೆರೆಯ ಹತ್ತಿ ಗಿರಣಿಯವರದೊಂದು ತಂಡ ಹಿಂದೆ ಇದ್ದವು. ಎರಡೂ ಕಡೆ ಕೆಲಸಗಾರರು ಕಡಿಮೆಯಾಗಿ ಹನ್ನೊಂದು ಜನ ಸೇರುವುದೇ ಕಷ್ಟವಾದಾಗ ಒಂದೇ ತಂಡ ಮಾಡಿಕೊಂಡೆವು. ಮೂರು ದಿನ ಅಭ್ಯಾಸ ಅಲ್ಲಿ, ಮೂರು ದಿನ ಇಲ್ಲಿ. ಊರುಗಳ ನಡುವೆ ಅರ್ಧ ಗಂಟೆಯ ದಾರಿಯೂ ಇಲ್ಲ. ಆದರೆ ಯಾವುದೇ ವಿಷಯ ತೀರ್ಮಾನ ಮಾಡುವಾಗ ಅದು ಬಹಳ ದೂರವಾಗಿಬಿಡುತ್ತದೆ. ಹಳೆಯ ಕೋಚ್ ಇರುವವರೆಗೂ ಈ ತೊಂದರೆ ಬಂದಿರಲಿಲ್ಲ. ಅವರನ್ನು ಎರಡೂ ಊರಿನವರು ತಮ್ಮವರೆಂದೇ ತಿಳಿದಿದ್ದರು.

ಹೊಸಬರನ್ನು ಆರಿಸಲು ಕ್ಲಬ್ಬಿನವರು ಮೂವರ ಸಮಿತಿ ಮಾಡಿದರು. ಒಬ್ಬರು ಕ್ಲಬ್ಬಿನ ಅಧ್ಯಕ್ಷರು, ದಾವಣಗೆರೆಯಲ್ಲಿ ಸಿಮೆಂಟು ಕಬ್ಬಿಣದ ವ್ಯಾಪಾರ ಮಾಡುವವರು. ಎಲ್ಲರನ್ನೂ ಸಮಾಧಾನವಾಗಿ ಇಡಬೇಕೆಂಬುದು ಅವರ ಸ್ವಭಾವ. ಇನ್ನೊಬ್ಬರು ಹರಿಹರದ ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿದ್ದು ನಿವೃತ್ತರಾದವರು. ಮೂರನೆಯವನು ನಾನು, ಹಳೆಯ ಆಟಗಾರ ಎಂಬ ಲೆಕ್ಕದಲ್ಲಿ.

ಅದೇ ದಿನಗಳಲ್ಲಿ ದೇಶದ ತಂಡಕ್ಕೂ ಹೊಸ ಕೋಚ್ ಹುಡುಕುತ್ತಿದ್ದರು. ಸಂಜೆ ನಾವು ಮಂಡಕ್ಕಿ ತಿನ್ನಲು ಸೇರುವ ಅಂಗಡಿಯಲ್ಲಿ ಅದೇ ಮಾತು. ಹೊರದೇಶದವನು ಬೇಕು, ನಮ್ಮ ಹುಡುಗರ ಮೇಲೆ ಅವನಿಗೆ ಮುಲಾಜು ಇರುವುದಿಲ್ಲ ಎಂದು ಒಬ್ಬರು. ನಮ್ಮವನೇ ಇರಲಿ, ಹುಡುಗನ ಮುಖ ನೋಡಿದರೆ ಮನೆಯಲ್ಲಿ ಏನಾಗಿದೆ ಎಂದು ತಿಳಿಯುತ್ತದೆ ಎಂದು ಇನ್ನೊಬ್ಬರು. ಅಷ್ಟು ದಿನ ನಾನೂ ಜೋರಾಗಿ ಮಾತಾಡುತ್ತಿದ್ದೆ. ಸಮಿತಿಗೆ ನನ್ನ ಹೆಸರು ಬಂದ ಮೇಲೆ ಸುಮ್ಮನಾದೆ. ಅಲ್ಲಿ ಆಡುತ್ತಿದ್ದ ಎರಡೂ ಮಾತು ನಮಗೂ ಹೊಂದುತ್ತಿದ್ದವು, ಮತ್ತು ಎರಡೂ ನಿಜವಾಗಿದ್ದವು.

ಅರ್ಜಿಗಳಲ್ಲಿ ಕೊನೆಗೆ ಉಳಿದದ್ದು ಎರಡು. ಒಬ್ಬರು ಕಾರವಾರದ ಕಡೆಯವರು, ನಲವತ್ತರ ಒಳಗಿನವರು, ತರಬೇತಿ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು. ಇನ್ನೊಬ್ಬ ನನ್ನ ಗೆಳೆಯ.

ಗೆಳೆಯನೆಂದರೆ, ನಾನು ಗೋಲಿನಲ್ಲಿ ನಿಂತಷ್ಟು ವರ್ಷವೂ ನನ್ನ ಮುಂದೆಯೇ ಡಿಫೆನ್ಸಿನಲ್ಲಿ ನಿಂತವನು. ಅವನ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಅವನು ಎಡ ಭುಜ ಇಳಿಸಿದರೆ ಚೆಂಡು ಬಲಕ್ಕೆ ಬರುತ್ತದೆಂದು ನನಗೆ ಗೊತ್ತಾಗುತ್ತಿತ್ತು. ಹರಿಹರದಲ್ಲಿ ರೈಲ್ವೆ ಗೇಟಿನ ಹತ್ತಿರ ಕಬ್ಬಿಣ ಕಡೆಯುವ ಅವನದೊಂದು ಲೇತ್ ಶೆಡ್ ಇದೆ. ಅವನ ಮಗ ಈಗ ನಮ್ಮ ತಂಡದ ಗೋಲ್‌ಕೀಪರ್. ಆ ಹುಡುಗನಿಗೆ ಕೈಗವಸು ಹಾಕಿಕೊಳ್ಳುವುದನ್ನು ಕಲಿಸಿದವನು ನಾನು.

ಇಬ್ಬರಿಗೂ ಹತ್ತು ಹತ್ತು ದಿನ ತಂಡ ಕೊಟ್ಟು, ಕೊನೆಗೆ ಒಂದೊಂದು ಪಂದ್ಯ ಆಡಿಸಿ ನೋಡೋಣ ಎಂದು ಮೇಡಂ ಸೂಚಿಸಿದರು. ಹಾಗೇ ಆಯಿತು.

ಮೊದಲು ಕಾರವಾರದವರು. ಮೊದಲ ದಿನ ಅವರು ಚೆಂಡನ್ನೇ ಹೊರಗೆ ತೆಗೆಸಲಿಲ್ಲ. ಹುಡುಗರನ್ನು ಕೂಡಿಸಿಕೊಂಡು ಯಾರು ಏನು ಕೆಲಸ ಮಾಡುತ್ತೀರಿ, ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕುಕ್ಕುವಾಡದಿಂದ ಬರುವ ನಮ್ಮ ಫಾರ್ವರ್ಡ್ ಹುಡುಗ ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ, ಮಧ್ಯಾಹ್ನ ಸರಿಯಾಗಿ ಉಣ್ಣದೆ ಬಸ್ಸು ಹತ್ತುತ್ತಾನೆ ಎಂಬುದು ಅವತ್ತು ಎಲ್ಲರಿಗೂ ತಿಳಿಯಿತು. ಎರಡನೇ ಅರ್ಧದಲ್ಲಿ ಅವನು ನಿಧಾನವಾಗುತ್ತಾನೆ, ಸೋಮಾರಿ ಎಂದು ನಾವೆಲ್ಲ ಎರಡು ವರ್ಷದಿಂದ ಬೈಯುತ್ತಿದ್ದೆವು. ಅಭ್ಯಾಸಕ್ಕೆ ಒಂದು ಗಂಟೆ ಮೊದಲು ಆ ಹುಡುಗನಿಗೆ ಹೊಟ್ಟೆತುಂಬ ಉಣಿಸುವ ಏರ್ಪಾಡು ಮಾಡಿಸಿದರು.

ಅವರಲ್ಲಿ ಕೊರತೆಯೂ ಇತ್ತು. ನಗುತ್ತಿರಲಿಲ್ಲ. ಹಳೆಯ ಕೋಚ್ ಮೈದಾನದ ಬೇಲಿಯ ಪಕ್ಕ ಕೂತು ಅಭ್ಯಾಸ ನೋಡುತ್ತಿದ್ದರು. ಹತ್ತು ದಿನವೂ ಇವರು ಹೋಗಿ ಒಂದು ನಮಸ್ಕಾರ ಹೇಳಲಿಲ್ಲ. ಹುಡುಗರು ಅದನ್ನು ಗಮನಿಸಿದರು. ಪಕ್ಕದ ಜಿಲ್ಲೆಯಿಂದ ಬಂದ ತಂಡದ ಎದುರು ಪಂದ್ಯ ಒಂದು ಗೋಲಿನಿಂದ ಸೋತರು.

ಆಮೇಲೆ ನನ್ನ ಗೆಳೆಯನ ಸರದಿ. ಮೈದಾನದಲ್ಲಿ ಗಲಾಟೆ, ನಗು ಎಲ್ಲ ಮತ್ತೆ ಬಂದವು. ಡಿಫೆನ್ಸಿನ ಹುಡುಗರನ್ನು ಅವನು ಭುಜ ಹಿಡಿದು ನಿಲ್ಲಿಸಿ, ಎಲ್ಲಿ ಕಾಲಿಡಬೇಕೆಂದು ತೋರಿಸುತ್ತಿದ್ದ. ಅಷ್ಟು ಚೆನ್ನಾಗಿ ಡಿಫೆನ್ಸ್ ಕಲಿಸುವವರನ್ನು ನಾನು ನೋಡಿಲ್ಲ. ಐದಾರು ದಿನ ಕಳೆಯುವಷ್ಟರಲ್ಲಿ, ಇವನೇ ಆಗಲಿ, ನನಗೂ ಚಿಂತೆ ತಪ್ಪಿತು ಅಂದುಕೊಂಡಿದ್ದೆ.

ಪಂದ್ಯದ ದಿನ ಅವನು ಓದಿದ ಹನ್ನೊಂದು ಹೆಸರುಗಳಲ್ಲಿ ಅವನ ಮಗನ ಹೆಸರಿರಲಿಲ್ಲ. ಗೋಲಿಗೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸಿದ. ಅಧ್ಯಕ್ಷರು ನನ್ನ ಕಡೆ ಬಾಗಿ ಮೆಚ್ಚುಗೆಯಿಂದ ಹೇಳಿದರು, "ನೋಡ್ರಿ, ಮಗ ಅಂತ ನೋಡ್ಲಿಲ್ಲ ಮನುಷ್ಯ."

ಆ ಇನ್ನೊಬ್ಬ ಹುಡುಗ ಒಳ್ಳೆಯವನೇ, ಆದರೆ ಬದಿಯಿಂದ ಎತ್ತರಕ್ಕೆ ಚೆಂಡು ಬಂದರೆ ಗೋಲಿನ ಗೆರೆ ಬಿಟ್ಟು ಮುಂದೆ ಬರುತ್ತಿರಲಿಲ್ಲ. ಗೆಳೆಯನ ಮಗ ಬರುತ್ತಿದ್ದ. ತಂಡದಲ್ಲಿ ಯಾರಿಗಾದರೂ ಇದು ಗೊತ್ತಿದ್ದರೆ ಅದು ಡಿಫೆನ್ಸ್ ಆಡಿದ ಗೆಳೆಯನಿಗೂ ಗೋಲಿನಲ್ಲಿ ನಿಂತ ನನಗೂ. ಅವತ್ತು ನಮಗೆ ಎರಡು ಗೋಲು ಹಾಗೆಯೇ ಬಿದ್ದವು, ಬದಿಯಿಂದ ಎತ್ತರಕ್ಕೆ ಬಂದ ಚೆಂಡಿನಿಂದ. ಬೆಂಚಿನ ಮೇಲೆ ಕೂತಿದ್ದ ಮಗ ಕೈಗವಸು ತೆಗೆಯುವುದು, ಮತ್ತೆ ಹಾಕಿಕೊಳ್ಳುವುದು ಮಾಡುತ್ತಿದ್ದ. ಅಪ್ಪನ ಕಡೆ ಒಂದು ಸಲವೂ ನೋಡಲಿಲ್ಲ. ಹೇಗೋ ಕುಕ್ಕುವಾಡದ ಹುಡುಗ ಕೊನೆಯ ಗಳಿಗೆಯಲ್ಲಿ ಹೊಡೆದು ಮೂರು-ಎರಡರಿಂದ ಗೆದ್ದೆವು.

ಮರುದಿನ ಬೆಳಿಗ್ಗೆ ಅಧ್ಯಕ್ಷರ ಅಂಗಡಿಯ ಮಾಳಿಗೆಯಲ್ಲಿ ನಾವು ಮೂವರು ಕೂತೆವು.

"ನನ್ನ ಮತ ನಮ್ಮ ಹರಿಹರದವ್ರಿಗೆ," ಅಂದರು ಅಧ್ಯಕ್ಷರು. "ಗೆದ್ದವ್ರನ್ನ ಬಿಟ್ಟು ಸೋತವ್ರನ್ನ ತಗಂಡ್ವಿ ಅಂದ್ರ ಊರಾಗ ಏನಂತ ಹೇಳಾಣ್ರಿ?"

"ಗೆದ್ದಿದ್ದು ಒಂದು ಆಟ ರೀ," ಅಂದರು ಮೇಡಂ. "ಆ ಕುಕ್ಕುವಾಡದ ಹುಡುಗನ್ನ ಕೊನೀವರೆಗೂ ಓಡೋ ಹಂಗೆ ಮಾಡಿದ್ದು ಯಾರು? ನನ್ನ ಮತ ಹೊರಗಿನವ್ರಿಗೆ."

ಇಬ್ಬರೂ ನನ್ನ ಕಡೆ ನೋಡಿದರು. ಅಧ್ಯಕ್ಷರ ಮುಖದಲ್ಲಿ ಆತಂಕವೇನೂ ಇರಲಿಲ್ಲ. ನಾನು ಯಾರಿಗೆ ಹಾಕುತ್ತೇನೆಂದು ಎರಡೂ ಊರಿಗೆ ಗೊತ್ತಿತ್ತು.

ನಾನು ಕಾರವಾರದವರಿಗೆ ಹಾಕಿದೆ. ಮೇಡಂ ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿ, ಮತ್ತೆ ಹಾಕಿಕೊಂಡರು. ಅಧ್ಯಕ್ಷರು, "ನಿಮ್ಮ ಗೆಳೆಯರಿಗೆ ನೀವೇ ಹೇಳ್ಬೇಕಾಗ್ತೈತೆ," ಅಂದರು.

ಅಲ್ಲಿಂದಲೇ ಹರಿಹರಕ್ಕೆ ಹೊರಟೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಇಳಿಯುವಾಗ ಒಂದೂ ನೆನಪಿರಲಿಲ್ಲ. ಅವನು ಶೆಡ್ಡಿನಲ್ಲಿ ಪಂಪಿನ ಶಾಫ್ಟ್ ಒಂದನ್ನು ಲೇತಿಗೆ ಕಟ್ಟಿ ಕಡೆಯುತ್ತಿದ್ದ. ನನ್ನನ್ನು ನೋಡಿ ಯಂತ್ರ ನಿಲ್ಲಿಸಿದ. ನನ್ನ ಮುಖದಲ್ಲೇ ಗೊತ್ತಾಗಿರಬೇಕು.

"ಆಗ್ಲಿಲ್ಲ ಅಲ್ಲ?"

"ಇಲ್ಲ."

"ಅಧ್ಯಕ್ಷರು ಕೈ ಕೊಟ್ರಾ?"

"ಇಲ್ಲ. ಅವ್ರು ನಿನಗೇ ಹಾಕಿದ್ರು. ಹಾಕ್ದೇ ಇದ್ದೋನು ನಾನು."

ಅವನು ಬನಿಯನ್ನಿನ ಅಂಚಿಗೆ ಕೈ ಒರೆಸಿಕೊಂಡ. ಕೂಡು ಎನ್ನಲಿಲ್ಲ. ನಾನು ನಿಂತೇ ಹೇಳಿದೆ: "ಮಗನ್ನ ಯಾಕ ಬೆಂಚಿಗೆ ಕೂಡ್ರಿಸಿದಿ? ಅವ್ನು ಆ ಹುಡುಗನ್ಗಿಂತ ಚಲೋ ಕೀಪರ್. ನಿಂಗೂ ಗೊತ್ತೈತೆ, ನಂಗೂ ಗೊತ್ತೈತೆ. ನೀನು ತಂಡ ನೋಡಿ ಕೂಡ್ರಿಸ್ಲಿಲ್ಲ, ನಮ್ಮ ಮೂರು ಜನದ ಮುಖ ನೋಡಿ ಕೂಡ್ರಿಸಿದಿ."

ಅವನು ಅಲ್ಲಗಳೆಯಲಿಲ್ಲ. "ಅವ್ನು ಆಡಿ ಒಂದು ಗೋಲು ಬಿಟ್ಟಿದ್ರೂ, ಮಗ ಅಂತ ನಿಲ್ಸಿದ ಅಂತಿದ್ರು," ಅಂದ. ಆಮೇಲೆ, ಬಹಳ ಶಾಂತವಾಗಿ, "ಒಂದು ಮಾತು ಹೇಳು. ಗೆಳೆಯ ಅಂತ ಹಾಕ್ದ ಅಂತಾರ ಅಂದ್ಕಂಡು ನೀನು ನನ್ನ ಬಿಟ್ಟಿ. ನಾನು ನನ್ನ ಮಗನ್ನ ಕೂಡ್ರಿಸಿದ್ದು, ನೀನು ನನ್ನ ಕೂಡ್ರಿಸಿದ್ದು ಎರಡೂ ಒಂದೇ ಅಲ್ಲೇನು?"

ಮತ ಹಾಕುವಾಗ ಜನ ಏನನ್ನುತ್ತಾರೆ ಎಂಬುದು ನನ್ನ ತಲೆಯಲ್ಲಿ ಇರಲೇ ಇಲ್ಲ ಎಂದು ಆಣೆ ಮಾಡಿ ಹೇಳಲಾರೆ. ಬೆಂಚಿನ ಮೇಲಿದ್ದ ಹುಡುಗನ ಕೈಗಳು ಮಾತ್ರ ಚೆನ್ನಾಗಿ ನೆನಪಿದ್ದವು. ಗೆಳೆಯ ಮತ್ತೆ ಲೇತ್ ಚಾಲೂ ಮಾಡಿದ. ಆ ಸದ್ದಿನಲ್ಲಿ ಮಾತು ಸಾಧ್ಯವಿರಲಿಲ್ಲ. ನಾನು ಬಂದುಬಿಟ್ಟೆ.

ಹೊಸ ಕೋಚ್ ಬಂದ ಮೇಲೆ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ನಾನು ಹೋದರೆ ಮಾತು ಬೇರೆ ಕಡೆ ತಿರುಗುತ್ತಿತ್ತು. ಗೆಳೆಯ ಮೈದಾನಕ್ಕೆ ಬರುವುದನ್ನೇ ಬಿಟ್ಟ. ಅವನ ಮಗ ಒಂದೂ ಪಂದ್ಯ ತಪ್ಪಿಸಲಿಲ್ಲ, ಗೋಲಿನಲ್ಲಿ ಅವನೇ ಇರುತ್ತಿದ್ದ. ನನಗೆ ಎದುರಾದರೆ "ಅಂಕಲ್, ಆರಾಮಾ?" ಎಂದು ಮೊದಲಿನಂತೆಯೇ ಕೇಳುತ್ತಿದ್ದ.

ಐದನೆಯ ಪಂದ್ಯ ಡ್ರಾ ಆದ ಮೇಲೆ ಕಾರವಾರದವರು ಅಂಗಡಿಗೆ ಬಂದರು. "ನಮ್ಮ ಡಿಫೆನ್ಸಿನ ಹುಡುಗರು ಒಂದು ರೀತಿಯಲ್ಲಿ ಕಾಲಿಡ್ತಾರಲ್ಲ, ಅದನ್ನು ನಾನು ಕಲಿಸಿದ್ದಲ್ಲ. ಯಾರು ಕಲಿಸಿದ್ದು?" ಎಂದು ಕೇಳಿದರು. ಹೇಳಿದೆ. ಹಳೆಯ ಕೋಚ್‌ಗೆ ನಮಸ್ಕಾರ ಹೇಳದ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಮುಜುಗರಪಟ್ಟರು. "ಅವರ ಮುಂದೆ ಕಲಿಸಲಿಕ್ಕೆ ನಂಗೆ ಹೆದರಿಕೆ ಆಗಿತ್ತು," ಅಂದರು. ಮರುದಿನ ಹರಿಹರಕ್ಕೆ ಹೋಗಿ, ಹಳೆಯ ಕೋಚ್ ಮನೆಗೂ ನನ್ನ ಗೆಳೆಯನ ಶೆಡ್ಡಿಗೂ ಹೋಗಿಬಂದರಂತೆ. ಗೆಳೆಯ ಬರಲು ಒಪ್ಪಲಿಲ್ಲ. ಆದರೆ ಚಹಾ ಕುಡಿಸಿ, ಯಾವ ಹುಡುಗ ಯಾವ ಕಾಲಿನಲ್ಲಿ ದುರ್ಬಲ ಎಂದು ಒಂದು ಗಂಟೆ ಹೇಳಿದನಂತೆ.

ಆ ವರ್ಷ ಲೀಗಿನಲ್ಲಿ ತಂಡ ಮಧ್ಯದ ಸ್ಥಾನದಲ್ಲಿ ಉಳಿಯಿತು. ಮುಂದಿನ ವರ್ಷ ಒಂದು ಟೂರ್ನಮೆಂಟಿನಲ್ಲಿ ಸೆಮಿಫೈನಲ್ ತಲುಪಿತು. ಆದ್ದರಿಂದ ನಮ್ಮ ಆಯ್ಕೆ ಸರಿಯಾಗಿತ್ತು ಎನ್ನುವವರಿದ್ದಾರೆ. ನನಗೆ ಹಾಗೆ ಹೇಳಲು ಧೈರ್ಯವಿಲ್ಲ. ಗೆಳೆಯ ಕೋಚ್ ಆಗಿದ್ದಿದ್ದರೆ ಫೈನಲ್ಲಿಗೇ ಹೋಗುತ್ತಿದ್ದೆವೋ ಏನೋ, ಅದು ಯಾರಿಗೂ ಗೊತ್ತಿಲ್ಲ. ಸೆಮಿಫೈನಲ್ ಆದ ಮೂರು ತಿಂಗಳಿಗೆ ಕಾರವಾರದವರು ದೊಡ್ಡ ಊರಿನ ಕ್ಲಬ್ಬೊಂದಕ್ಕೆ ಹೋದರು.

ಮತ್ತೆ ಸಮಿತಿ ಆಯಿತು. ಅಧ್ಯಕ್ಷರು ಕೇಳಿದಾಗ ನಾನು ಬೇಡ ಎಂದೆ. ನನ್ನ ಜಾಗಕ್ಕೆ ಅವರು ಗೆಳೆಯನನ್ನು ಕರೆದರು. ನೀನೇ ಕೋಚ್ ಆಗು ಎಂದೂ ಕೇಳಿದ್ದರಂತೆ. ಮಗ ತಂಡದಲ್ಲಿ ಇರುವತನಕ ಬ್ಯಾಡ ಅಂದನಂತೆ.

ಹದಿನೈದು ದಿನದ ನಂತರ ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ, ಅವನ ಫೋನ್ ಬಂತು. ಶೆಡ್ಡಿನಲ್ಲಿ ಅವತ್ತು ನಿಂತು ಮಾತಾಡಿದ ಮೇಲೆ ಅವನ ದನಿ ಕೇಳಿದ್ದು ಅದೇ ಮೊದಲು.

"ಭಾನುವಳ್ಳಿಯೋನು ಒಬ್ಬ ಅದಾನ," ಅಂದ, ನಿನ್ನೆಯಷ್ಟೇ ಮಾತಾಡಿದವನಂತೆ. "ನನ್ನ ಹೆಂಡ್ತಿ ಕಡೆ ಸಂಬಂಧ. ಆಟ ಚಲೋ ತಿಳ್ಕಂಡಾನ. ಇನ್ನೊಬ್ಬ ಹುಬ್ಬಳ್ಳಿಯೋನು. ಅವ್ನೂ ಚಲೋ ಅದಾನ. ನಾಳೆ ಮತ ಹಾಕ್ಬೇಕು. ಎರಡು ದಿನದಿಂದ ಊಟ ಸೇರವಲ್ದು."

"ಯಾರಿಗೆ ಹಾಕ್ತಿ?"

"ಅದನ್ನ ಹೇಳಾಕಲ್ಲ ಫೋನ್ ಮಾಡಿದ್ದು. ಬಸ್ನ್ಯಾಗ ಬರ್ತಾ ನೀನು ಏನೇನು ಯೋಚ್ನಿ ಮಾಡ್ಕಂಡು ಬಂದಿದ್ದಿ ಅವತ್ತು?"

"ಬಾಳ ಮಾಡಿದ್ದೆ. ಇಳಿಯೋವಾಗ ಎಲ್ಲ ಮರ್ತಿತ್ತು."

ಅವನು ನಕ್ಕ. ಅಂಗಡಿಗೆ ಬಾ ಎಂದೆ. ಮಧ್ಯಾಹ್ನ ಬಂದ. ಇಬ್ಬರೂ ಮನೆಗೆ ಹೋಗಿ ರೊಟ್ಟಿ ಉಂಡೆವು. ಕೋಚ್ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಮಾತಾಡಿದೆವು: ಅವನ ಮೊಣಕಾಲು ನೋವು, ನನ್ನ ಮಗಳ ಪರೀಕ್ಷೆ, ನದಿಯಲ್ಲಿ ಈ ಸಲದ ನೀರು. ಹೋಗುವಾಗ ಮಗನಿಗೆಂದು ಒಂದು ಶರ್ಟಿನ ಬಟ್ಟೆ ಆರಿಸಿಕೊಂಡು ಹೋದ.

ಮರುದಿನ ಅವನು ಹುಬ್ಬಳ್ಳಿಯವರಿಗೆ ಹಾಕಿದನೆಂದು ಮೇಡಂ ಹೇಳಿದರು. ಭಾನುವಳ್ಳಿಯ ನೆಂಟರು ಅವನ ಮನೆಗೆ ಬರುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಹುಬ್ಬಳ್ಳಿಯವರು ಈಗ ಎರಡು ತಿಂಗಳಿಂದ ತಂಡ ನೋಡಿಕೊಳ್ಳುತ್ತಿದ್ದಾರೆ. ಅವರು ಹೇಗೆ ಎಂದು ಜನ ಕೇಳಿದರೆ, ಇನ್ನೂ ಸ್ವಲ್ಪ ದಿನ ನೋಡಬೇಕು ಎನ್ನುತ್ತೇನೆ.